ಮೊಂತಿ ಹಬ್ಬಕ್ಕೆ ನವಣೆ ತೆನೆ

ಜೂನ್ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಮಿಡಿಗೇಶಿಯಲ್ಲಿ ಬಸ್ಸಿಳಿದವಳು ನಾನೊಬ್ಬಳೇ ಇರಬೇಕು. ಕುಂದಾಪುರದ ಕಡೆಯವರಾದ ನಮಗೆ ಆ ತಿಂಗಳಲ್ಲಿ ಕೊಡೆ ಇಲ್ಲದೆ ಹೊಸಿಲು ದಾಟಿ ಗೊತ್ತಿಲ್ಲ. ಇಲ್ಲಿ ನೋಡಿದರೆ ಮೋಡದ ಒಂದು ಚೂರೂ ಇಲ್ಲ, ಕೋಟೆ ಬೆಟ್ಟದ ಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ನನ್ನನ್ನೂ ಕೊಡೆಯನ್ನೂ ನೋಡಿ, "ಮಳೆ ಜತೇಲೇ ಕರ್ಕಂಡ್ ಬಂದಿದ್ದೀಯೇನಮ್ಮ?" ಎಂದರು. ಆ ಮಾತಿನಲ್ಲಿ ತಮಾಷೆಗಿಂತ ಆಸೆಯೇ ಹೆಚ್ಚಿತ್ತು ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ನಾನು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹೆಸರು ಐರಿನ್ ಆದರೂ ಊರಿಗೆಲ್ಲ ಸಿಸ್ಟರಮ್ಮ. ಬಾಡಿಗೆಗೆ ಸಿಕ್ಕಿದ್ದು ಹನುಮಕ್ಕನವರ ಮನೆಯ ಮುಂದಿನ ಎರಡು ಕೋಣೆ. ಅರವತ್ತು ದಾಟಿದ ಹನುಮಕ್ಕ ಮಗ, ಸೊಸೆಯ ಜೊತೆ ಹೊಲ ನೋಡಿಕೊಳ್ಳುತ್ತಾರೆ. ನಾನು "ಎಂತ" ಅಂದಾಗಲೆಲ್ಲ ಅವರಿಗೆ ನಗು. "ಅದೇನಮ್ಮ ಎಂತ ಎಂತ ಅಂತೀಯ, ಏನು ಅನ್ನಾಕೆ ಕಷ್ಟವಾ?" ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು.

ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಮಾತ್ರ ಕಷ್ಟ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಸೇರಿ ಮಣಿ ಎಣಿಸುತ್ತ ಏಸುವಿನ ತಾಯಿಗೆ ಪ್ರಾರ್ಥನೆ ಹೇಳುವ ಜಪಸರ ಮಾಡುತ್ತೇವೆ. ಒಬ್ಬರು ಅರ್ಧ ಹೇಳಿದರೆ ಉಳಿದವರು ಮಿಕ್ಕರ್ಧ ಹೇಳಿ ಮುಗಿಸಬೇಕು. ಇಲ್ಲಿ ಹೇಳುವವಳೂ ನಾನೇ, ಉತ್ತರಿಸುವವಳೂ ನಾನೇ. ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಕೇಳಿ ಬೆಳೆದ ನನಗೆ ಪೂಜೆ ಬೇಕೆಂದರೆ ಭಾನುವಾರ ಮಧುಗಿರಿಯ ಬಸ್ಸು ಹತ್ತಬೇಕು. ಅಲ್ಲಿ ನನ್ನಂತೆ ಬೇರೆ ಬೇರೆ ಊರುಗಳಿಂದ ಬಂದ ಕೆಲವು ಕುಟುಂಬಗಳು ಒಬ್ಬ ಮೇಷ್ಟ್ರ ಮನೆಯ ಹಜಾರದಲ್ಲಿ ಸೇರುತ್ತವೆ. ಫಾದರ್ ಬಂದು ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕುಕ್ಕರ್ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ವರ್ಷ ನಾನು ಉಂಡದ್ದು ಊರಿಂದ ಹೊತ್ತು ತಂದ ಕುಚ್ಚಲಕ್ಕಿ. ಅದು ಮುಗಿಯಿತು. ಮತ್ತೆ ತರುವ ಉತ್ಸಾಹವೂ ಮುಗಿಯಿತು. ಮುದ್ದೆ ನುಂಗುವುದನ್ನು ಕಲಿತೆ, ನವಣೆ ಅನ್ನಕ್ಕೆ ಅವರೆಕಾಳಿನ ಸಾರು ಕಲಸಿಕೊಂಡು ಎರಡನೇ ಸಲ ಬಡಿಸಿಕೊಳ್ಳುವುದನ್ನೂ ಕಲಿತೆ. ಮೀನಿನ ನೆನಪು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಹೀಗಿರುವಾಗ ಮೂರನೇ ವರ್ಷದ ಮೊಂತಿ ಹಬ್ಬ ಬಂತು. ನಮ್ಮ ಕುಂದಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ: ಸೆಪ್ಟೆಂಬರಿನಲ್ಲಿ ಏಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಯಲ್ಲಿ ಅದರ ಕಾಳು ಸುಲಿದು ಹಾಲಿಗೆ ಬೆರೆಸಿ ಎಲ್ಲರೂ ಕುಡಿಯುವುದು. ದೂರ ಇರುವವರಿಗೆ ತೆನೆಯನ್ನು ಅಂಚೆಯಲ್ಲಾದರೂ ಕಳಿಸಬೇಕು. ಅಮ್ಮ ಎರಡು ವರ್ಷವೂ ಕಳಿಸಿದ್ದಳು. ಆದರೆ ಆ ವರ್ಷ, ಒಂದು ರಾತ್ರಿ ಮುದ್ದೆಯ ಮುಂದೆ ಕೂತು ಊಟದ ಪ್ರಾರ್ಥನೆ ಹೇಳುವಾಗ ನನಗೇ ಕಸಿವಿಸಿಯಾಯಿತು. ವರ್ಷವಿಡೀ ಉಣ್ಣುವುದು ಈ ನೆಲದ ಬೆಳೆ, ಹಬ್ಬದ ದಿನ ಕೃತಜ್ಞತೆ ಹೇಳುವುದು ನಾನು ಉಣ್ಣದ ಭತ್ತಕ್ಕೆ. ದೇವರಿಗೇನು ಗೊತ್ತಾಗುವುದಿಲ್ಲವೇ? ಅಮ್ಮನಿಗೆ ಫೋನ್ ಮಾಡಿ, ಈ ಸಲ ತೆನೆ ಕಳಿಸಬೇಡ, ಇಲ್ಲಿಯದನ್ನೇ ಒಪ್ಪಿಸುತ್ತೇನೆ ಎಂದುಬಿಟ್ಟೆ.

"ನಮ್ಮ ತೆನೆ ಬೇಡವಾ ನಿನಗೆ?" ಎಂದಳು ಅಮ್ಮ. ಅವಳಿಗೆ ನೋವಾಗಿತ್ತು. ನಾನು ಹಟ ಬಿಡಲಿಲ್ಲ.

ಆಗ ಹೊಲದಲ್ಲಿ ರಾಗಿ ಇನ್ನೂ ಎಳಸು, ತೆನೆ ಕಟ್ಟಿರಲಿಲ್ಲ. ಹನುಮಕ್ಕನವರ ನವಣೆ ಮಾತ್ರ ಹಳದಿಗೆ ತಿರುಗಿ ತಲೆ ಬಾಗಿಸಿತ್ತು. ಹಬ್ಬದ ಹಿಂದಿನ ಸಂಜೆ ಅವರ ಅಟ್ಟಿಗೆ ಹೋದೆ. ಅಟ್ಟಿ ಅಂದರೆ ಇಲ್ಲಿ ಮನೆಯ ಮುಂದಿನ ಅಂಗಳ. "ನಾಳೆ ನಮ್ಮಲ್ಲಿ ತಾಯಿಯ ಹಬ್ಬ ಹನುಮಕ್ಕ. ನಿಮ್ಮ ಹೊಲದಿಂದ ನಾಲ್ಕು ಹೊಸ ತೆನೆ ಕೊಡ್ತೀರಾ?" ಎಂದೆ. ಕಾಳು ಕೇರುತ್ತಿದ್ದ ಅವರ ಮೊರ ನಿಂತುಬಿಟ್ಟಿತು.

"ಯೋಚ್ನೆ ಮಾಡಿ ಯೋಳ್ತೀನಿ ಬುಡಮ್ಮ" ಎಂದು ಎದ್ದು ಒಳಗೆ ಹೋದರು.

ಕೇಳಿದರೆ ಒಂದು ಕುಡಿಕೆ ತುಪ್ಪವನ್ನೇ ಎತ್ತಿಕೊಡುವ ಹೆಂಗಸು ನಾಲ್ಕು ತೆನೆಗೆ ಹಿಂದೆಮುಂದೆ ನೋಡಿದರು. ನಾನು ಕ್ರೈಸ್ತಳೆಂದೇ ಹೀಗೆ ಎಂದುಕೊಂಡೆ. ಅತ್ತ ಅಮ್ಮನ ತೆನೆಯನ್ನು ನಾನೇ ಬೇಡವೆಂದಿದ್ದೆ, ಇತ್ತ ಇದೂ ಇಲ್ಲ. ಮಾರನೇ ದಿನ ಫಾದರ್ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಸಿಟ್ಟು, ದುಃಖ ಎರಡೂ ಸೇರಿ ಅಂದು ಜಪಸರ ಅರ್ಧಕ್ಕೇ ನಿಂತಿತು.

ಬೆಳಗಾಗುತ್ತಲೇ ಬಾಗಿಲು ತಟ್ಟಿದ ಸದ್ದು. ತೆರೆದರೆ ಹನುಮಕ್ಕ. ತಲೆಗೆ ಸ್ನಾನ ಮಾಡಿದ್ದರು, ಹಣೆಯಲ್ಲಿ ಹೊಸ ಕುಂಕುಮ, ಕೈಯಲ್ಲಿ ಕುಡುಗೋಲು.

"ನಡಿಯಮ್ಮ, ಹೊಲದ್ ತಾವ ಹೋಗಾನ" ಎಂದರು. ದಾರಿಯಲ್ಲಿ ಹೇಳಿದರು: "ನಮ್ ಅವ್ವನಿಗೆ ಎಡೆ ಇಡೋ ಗಂಟ ಮನೇಲಿ ಯಾರೂ ಹೊಸ ತೆನೆ ಮುಟ್ಟಾಕಿಲ್ಲ ಕಣಮ್ಮ. ಬರೋ ಮಂಗಳವಾರ ಇಡಾನ ಅಂತಿದ್ವಿ. ನಿನ್ ಹಬ್ಬ ಇವತ್ತೇ ಅಂದ್ಯಲ್ಲ. ಮನೆತನಕ್ಕೆ ಹಿರೇರು ನಮ್ ಭಾವ, ಅವ್ರ ತಾವ ಹೋಗಿ ಕೇಳ್ದೆ. ಇದೇನು ಹೊಸ್ದು ಅಂತ ಬೈದ್ರು. ಆಮ್ಯಾಕೆ ಒಪ್ಕಂಡ್ರು. ಈಗ್ಲೇ ಅವ್ವನಿಗೆ ಎಡೆ ಇಟ್ ಬಂದ್ಬುಟ್ಟೆ. ಇನ್ನು ನೀನು ಕುಯ್ಕಾ."

ಅವ್ವ ಎಂದರೆ ಅವರ ಮನೆದೇವತೆ, ಎಡೆ ಎಂದರೆ ದೇವರ ಮುಂದೆ ಬಡಿಸುವ ನೈವೇದ್ಯ. ಹೊಲದ ಬದುವಿನ ಮೇಲೆ ನಿಂತು ಅತ್ತುಬಿಟ್ಟೆ. "ಅಳೋದ್ಯಾಕೆ? ಬಸ್ ತಪ್ಪೋಯ್ತದೆ" ಎಂದು ಗದರಿದರು.

ದೇವರಿಗೆ ಮೆಚ್ಚುವಂತೆ ಬದುಕುವುದೆಂದರೆ ನನ್ನ ನಿಯಮಗಳನ್ನು ತಪ್ಪದೆ ನಡೆಸುವುದು ಎಂದೇ ನಾನು ತಿಳಿದಿದ್ದೆ. ಹನುಮಕ್ಕ ತಮ್ಮ ನಿಯಮವನ್ನು ಒಂದಿಷ್ಟೂ ಮುರಿಯಲಿಲ್ಲ. ನನಗಾಗಿ ಬೈಸಿಕೊಂಡರು, ಬೇಗ ಎದ್ದರು, ಅಷ್ಟೇ. ನೆರೆಯವರನ್ನು ಪ್ರೀತಿಸಬೇಕೆಂದು ಬಾಲ್ಯದಿಂದ ಬಾಯಿಪಾಠ ಮಾಡಿದ್ದ ನಾನು ಅವರನ್ನು ಒಂದೇ ಸಂಜೆಯಲ್ಲಿ ಅನುಮಾನಿಸಿದ್ದೆ.

ಮಧುಗಿರಿಯಲ್ಲಿ ಯಾರೋ, "ಭತ್ತ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಫಾದರ್ ತೆನೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಈ ಸೀಮೆಯ ಅನ್ನ ಇದೇ ತಾನೇ" ಎಂದು ತೀರ್ಥ ಚಿಮುಕಿಸಿದರು. ಮನೆಗೆ ಬಂದು ಕಾಳು ಕುಟ್ಟಿ, ಹಾಲು ಬೆಲ್ಲ ಬೆರೆಸಿ, ಒಂದು ಲೋಟ ಹನುಮಕ್ಕನಿಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಕುಡಿದು, "ಬೆಲ್ಲ ಸಾಲ್ದು" ಎಂದರು. ಫೋನಿನಲ್ಲಿ ತೆನೆಯ ಚಿತ್ರ ನೋಡಿದ ಅಮ್ಮ, "ಬೆಕ್ಕಿನ ಬಾಲದ ಹಾಗೆ ಉಂಟಲ್ಲ!" ಎಂದು ನಕ್ಕಳು. ಅವಳ ಮುನಿಸು ಇಳಿದಿತ್ತು.

ಈ ವರ್ಷ ಹಬ್ಬಕ್ಕೆ ರಜೆ ಸಿಕ್ಕಿ ಊರಿಗೆ ಹೋದೆ. ಇಗರ್ಜಿಯ ತುಂಬ ಹೂವು ಹಿಡಿದ ಮಕ್ಕಳು, ಭತ್ತದ ತೆನೆ, ಹೊರಗೆ ಕಿವಿಗಡಚಿಕ್ಕುವ ಮಳೆ. ಎಷ್ಟು ಹಂಬಲಿಸಿದ್ದೆ ಇದಕ್ಕೆಲ್ಲ! ಆದರೆ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೆಯೇ: ಹಿಂದಿನ ದಿನ ಫೋನಿನಲ್ಲಿ ಹನುಮಕ್ಕ, "ಇನ್ನೊಂದು ಮಳೆ ಬರ್ದಿದ್ರೆ ರಾಗಿ ಒಣಗೋಯ್ತದೆ" ಎಂದಿದ್ದರು. ಸಂಜೆ ಮನೆಯ ಜಪಸರ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳುವಾಗ ನನ್ನ ಸರದಿ ಬಂತು. "ನಮ್ಮೂರಿಗೆ ಮಳೆ ಬರಲಿ" ಎಂದೆ.

"ಸುರೀತಾ ಉಂಟಲ್ಲ ಮಾರಾಯ್ತಿ!" ಎಂದು ಅಮ್ಮ ಹಂಚಿನ ಕಡೆ ಕೈ ತೋರಿಸಿ ನಗತೊಡಗಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ಅವಳ ನಗು ನಿಂತಿತು. ಆಮೇಲೆ ಅವಳು ಕಣ್ಣು ಮುಚ್ಚಿ, "ಅವಳ ಊರಿಗೆ ಮಳೆ ಬರಲಿ, ದೇವರೇ" ಎಂದಳು.