ಎಡವುವ ಶೂರರ ಪರವಾಗಿ

ನನ್ನ ದಿಂಬಿನ ಪಕ್ಕದಲ್ಲಿರುವ ಪುಸ್ತಕಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿಟ್ಟಿದ್ದೇನೆ. ಬೆನ್ನು ಮುರಿದ ದಪ್ಪ ಪುಸ್ತಕ. ಕ್ಲಿಪ್ ತೆಗೆದರೆ ಕಥಾನಾಯಕನ ಬಾಲ್ಯವಿಡೀ ಮಂಚದ ಕೆಳಗೆ ಚೆಲ್ಲಿಹೋಗುತ್ತದೆ. ಮುಖಪುಟದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್, ಅದರೆದುರು ಜಾರುತ್ತಿರುವ ಚಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ ಒಬ್ಬ ನರಪೇತಲ. ಪಂಪ್‌ವೆಲ್‌ನಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡಿರುವ, ಊಟಕ್ಕೆ ಮೊದಲು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ, ಐವತ್ತು ದಾಟಿದ ಗಂಡಸೊಬ್ಬ ಇಂಥದ್ದನ್ನು ಓದುವುದುಂಟೇ ಎಂದು ನಿಮಗನ್ನಿಸಿದರೆ, ಗೆಳೆಯರೇ, ನೀವು ನನ್ನ ಅತ್ತೆಯ ಪಕ್ಷ.

ಆದರೂ ಸ್ವಲ್ಪ ಕೇಳಿ. ಮಾಯಾಲೋಕದ ಈ ನಗೆ ಕಾದಂಬರಿಗಳ ನಾಯಕರು ಯಾರೂ ತಾವಾಗಿ ನಾಯಕರಾದವರಲ್ಲ. ನನ್ನ ಕ್ಲಿಪ್ಪಿನೊಳಗಿರುವವನು ಮೇಣದಬತ್ತಿ ಮಾರುವವನು. ಸ್ನಾನದ ಬಿಸಿನೀರಿಗೆ ನಿಂತ ಸಾಲೆಂದು ಭಾವಿಸಿ, ಡ್ರ್ಯಾಗನ್ ಬೇಟೆಗೆ ಆಳು ಸೇರಿಸಿಕೊಳ್ಳುತ್ತಿದ್ದ ಸಾಲಿನಲ್ಲಿ ಟವೆಲ್ ಸಮೇತ ನಿಂತು ಸಿಕ್ಕಿಬಿದ್ದವನು. ಪರಾಕ್ರಮಕ್ಕಿಂತ ಪರಾರಿಯೇ ಲೇಸೆಂದು, ಧೀರನಾಗುವುದಕ್ಕಿಂತ ದೂರವಾಗುವುದೇ ಕ್ಷೇಮವೆಂದು ಮನಸಾರೆ ನಂಬಿದವನು. ಓಡುವಾಗಲೂ ದಿಕ್ಕು ತಪ್ಪಿ ನೇರ ಡ್ರ್ಯಾಗನ್ನಿನ ಗುಹೆಗೇ ಓಡಿದವನು. ಅವನನ್ನು ಓದುವಾಗ ನನಗೆ ಸ್ವಂತ ಭಾವನೆಂಟನ ಕ್ಷೇಮಸಮಾಚಾರ ಕೇಳಿದಂತಾಗುತ್ತದೆ.

ಅತ್ತೆ ನಮ್ಮ ಕುಲಶೇಖರದ ಮನೆಗೆ ಬಂದು ಇರತೊಡಗಿದ ಹೊಸತರಲ್ಲಿ ಈ ಪುಸ್ತಕದ ಮುಖಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದನ್ನು ಓದಿ ಎಂತ ಸಿಗ್ತದೆ ಅಳಿಯಂದಿರೇ?" ಎಂದು ಕೇಳಿದ್ದರು. (ನಮ್ಮ ಮನೆಮಾತು ತುಳು; ಕನ್ನಡಕ್ಕೆ ತರುವಾಗ ಅತ್ತೆಯ ಮಾತಿನ ಅರ್ಧ ಖಾರ ಇಳಿದುಹೋಗುತ್ತದೆ, ಕ್ಷಮಿಸಿ.) ಅವರ ಇಬ್ಬರು ಗಂಡುಮಕ್ಕಳೂ ಎದೆಯುಬ್ಬಿಸಿ ನಡೆಯುವವರು. ಒಬ್ಬ ಮುಂಬೈಯಲ್ಲಿ ಹೋಟೆಲು ನಡೆಸುತ್ತಾನೆ, ಇನ್ನೊಬ್ಬ ಇಲ್ಲೇ ಪಡೀಲಿನ ಕಡೆ ಬಹುಮಹಡಿ ಕಟ್ಟಿಸುತ್ತಾನೆ. ಅಂಥವರ ನಡುವೆ, ಗಲ್ಫಿನ ಗೋದಾಮೊಂದರಲ್ಲಿ ಪೆಟ್ಟಿಗೆ ಕಾದು ಮರಳಿ ಬಂದ, ಜಿರಲೆ ಕಂಡರೆ ಹೆಂಡತಿಯನ್ನು ಕರೆಯುವ ಅಳಿಯ ಅವರಿಗೆ ಹೇಗೆ ಕಂಡಿರಬೇಕೆಂದು ನಾನು ಹೆಚ್ಚು ಯೋಚಿಸಲು ಹೋಗುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ಶಶಿಕಲಾ ಮೀನು ತರಲು ಹೋಗಿದ್ದ ಹೊತ್ತಿನಲ್ಲಿ, ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದೂ ಅದರ ಬೆನ್ನಿಗೇ ಅತ್ತೆಯ ಕೂಗೂ ಕೇಳಿಬಂದವು.

"ಅಳಿಯಂದಿರೇ, ಓಡಿ ಬನ್ನಿ! ಮೊಸಳೆ!"

ಕುಲಶೇಖರದಲ್ಲಿ ಮೊಸಳೆ! ಓಡಿದೆ, ಬಾಗಿಲಲ್ಲೇ ನಿಂತೆ. ಹಿತ್ತಿಲ ಬಾಗಿಲಿನಿಂದ ಒಳಬಂದ ಉಡವೊಂದು ಅಡುಗೆಮನೆಯ ನಡುವೆ, ಬಾಡಿಗೆ ಕೊಟ್ಟು ಬಂದಷ್ಟು ನಿಶ್ಚಿಂತೆಯಿಂದ ಮಲಗಿತ್ತು. ಕೈಜಾರಿ ಚೆಲ್ಲಿದ ದೋಸೆಹಿಟ್ಟು ನೆಲವಿಡೀ ಹರಿದಿತ್ತು. ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ, ನೋವಿನ ಮಂಡಿಯ ಅತ್ತೆ ಸೌಟು ಎತ್ತಿ ಹಿಡಿದು ನಿಂತಿದ್ದರು.

"ಅತ್ತೆ, ಅದು ಮೊಸಳೆ ಅಲ್ಲ, ಉಡ."

"ಎಂತದಾದ್ರೂ ಬಾಲ ಉಂಟಲ್ಲ ಮಾರಾಯ್ರೇ! ಓಡಿಸಿ!"

ಗೆಳೆಯರೇ, ಆಗ ನನಗೆ ಬಂದ ಮೊದಲ ಯೋಚನೆ ಸ್ಕೂಟರಿನದ್ದು. ಹೊರಗೆ ಹೋಗಿ ಸ್ಕೂಟರಿನ ಮೇಲಿದ್ದ ಹೆಲ್ಮೆಟ್ ತಂದು ತಲೆಗೆ ಹಾಕಿಕೊಂಡೆ. ಸ್ಕೂಟರನ್ನೇ ಹತ್ತಿ ಹೋಗಿಬಿಡುವ ಆಸೆ ಆಗಲಿಲ್ಲವೆಂದರೆ ಅದು ಸುಳ್ಳಾದೀತು. ಆದರೆ ಒಳಗಿದ್ದದ್ದು ಅತ್ತೆ. ಒಗೆಯುವ ಬಟ್ಟೆಯ ಬುಟ್ಟಿಯನ್ನು ಖಾಲಿ ಮಾಡಿ, ಉಡದ ಮೇಲೆ ಕವುಚಿ ಹಾಕುವ ಘನ ಯೋಜನೆಯೊಂದಿಗೆ ಅಡುಗೆಮನೆಗೆ ಕಾಲಿಟ್ಟೆ. ಅಷ್ಟರಲ್ಲಿ ನನ್ನದೇ ಉಸಿರಿನ ಹಬೆಯಿಂದ ಹೆಲ್ಮೆಟ್ಟಿನ ಗಾಜು ಮಂಜಾಯಿತು. ಉಡವೂ ಕಾಣದು, ಅತ್ತೆಯೂ ಕಾಣರು. ಕಾಲು ಹಿಟ್ಟಿನ ಮೇಲೆ ಬಿತ್ತು, ಧೊಪ್ಪನೆ ಕುಳಿತೆ. ನಾನು ಕುಳಿತ ಭಂಗಿಯಲ್ಲಿಯೇ ಉಡವನ್ನು ದಾಟಿ ಜಾರುತ್ತಾ ಹೋಗಿ ಅತ್ತೆಯ ಪಾದಕ್ಕೆ ಬಂದು ಮುಟ್ಟಿದೆ. ಬುಟ್ಟಿ ನನ್ನ ಮೇಲೆಯೇ ಕವುಚಿಕೊಂಡಿತು.

ಬಂದ ಕೆಲಸ ಹೀಗೆ ಮುಗಿದು, ಮೂಲೆಯಲ್ಲಿ ಸೆರೆಯಾದವರು ಈಗ ಇಬ್ಬರಾದೆವು. ಉಡ ನಮ್ಮತ್ತ ಒಮ್ಮೆ ನಾಲಿಗೆ ಚಾಚಿ, ನಮ್ಮ ದಾರಿಗೆ ಇನ್ನೂ ಅಡ್ಡವಾಗಿ ಮಲಗಿತು.

"ಇನ್ನು ಎಂತ ಮಾಡುವುದು?" ಅತ್ತೆ ಪಿಸುಗುಟ್ಟಿದರು.

"ಗೊತ್ತಿಲ್ಲ ಅತ್ತೆ. ನನಗೂ ಕೈಕಾಲು ನಡುಗ್ತಾ ಉಂಟು."

ಅವರು ಬಾಗಿ ಬುಟ್ಟಿಯ ಕಿಂಡಿಗಳ ಮೂಲಕ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಸೌಟು ಹಿಡಿದ ಕೈ ಕುಲುಕಿತು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಾಗದಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೂ ನಕ್ಕೆ. ಏಳಲೆಂದು ಅಡುಗೆ ಕಟ್ಟೆಗೆ ಕೈ ಊರಿದೆ. ಆ ಕೈ ಮಿಕ್ಸಿಯ ಗುಂಡಿಯ ಮೇಲೆ ಬಿತ್ತು.

ಮುಚ್ಚಳವಿಲ್ಲದ ಮಿಕ್ಸಿ ಗರ್ಜಿಸಿತು. ಕಾಯಿಚಟ್ನಿ ಚಾವಣಿಗೆ ಹಾರಿ ಮರಳಿ ನಮ್ಮಿಬ್ಬರ ಮೇಲೆ ಸುರಿಯಿತು. ಉಡ ಜೀವಭಯದಿಂದ ಹಿತ್ತಿಲಿಗೆ ಹಾರಿ, ಪಕ್ಕದ ಮನೆಯ ಪಾಗಾರದ ಗೋಡೆ ದಾಟಿ ಮಾಯವಾಯಿತು. ಶಶಿಕಲಾ ಬಂಗುಡೆಯ ಚೀಲದೊಂದಿಗೆ ಬಂದಾಗ ಅವಳ ಅಮ್ಮ ಚಟ್ನಿಯಲ್ಲಿಯೂ, ಗಂಡನಾದ ನಾನು ಹಿಟ್ಟು ಚಟ್ನಿ ಎರಡರಲ್ಲಿಯೂ ಮಿಂದು, ನೆಲದ ಮೇಲೆ ಕುಳಿತು ನಗುತ್ತಿದ್ದೆವು.

ಆಮೇಲೆ ಮನೆಗೆ ಬಂದವರಿಗೆಲ್ಲ ಅತ್ತೆ ಈ ಕಥೆಯನ್ನು ಹೇಳಿದರು, ನನ್ನ ಶೌರ್ಯವನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸದೆ. ನನಗೆ ಬೇಸರವಾಗಲಿಲ್ಲ. ಕತ್ತಿ ಹಿಡಿದು ನೆಟ್ಟಗೆ ನಿಂತ ವೀರರನ್ನು ನಾವು ಗೌರವದಿಂದ ನೋಡುತ್ತೇವೆ, ಸ್ವಲ್ಪ ದೂರದಿಂದ. ಅವರ ಮುಂದೆ ನಮ್ಮ ಭಯವನ್ನು ಜೇಬಿನಲ್ಲಿ ಅಡಗಿಸಿಡಬೇಕಾಗುತ್ತದೆ. ಎಡವುವ ಶೂರನೋ, ತನ್ನ ಭಯವನ್ನು ಅಂಗಳದಲ್ಲಿ ಹಪ್ಪಳದಂತೆ ಒಣಹಾಕಿರುತ್ತಾನೆ. ನಿಮ್ಮದನ್ನೂ ತನ್ನಿ, ಜಾಗ ಇದೆ ಎನ್ನುತ್ತಾನೆ. ಹೋಗಲಾರೆ ಹೋಗಲಾರೆ ಎನ್ನುತ್ತಲೇ ಕೊನೆಗೆ ಹೋಗುತ್ತಾನಲ್ಲ, ಅದರಲ್ಲಿ ನಮಗೂ ಒಂದು ಸಣ್ಣ ಆಸೆ ಹುಟ್ಟುತ್ತದೆ. ಇವನೇ ಹೋದನೆಂದಮೇಲೆ ನಾವೂ ಹೋಗಬಹುದೋ ಏನೋ!

ಇದೆಲ್ಲ ಪುಸ್ತಕದ ಮಾತೆಂದುಕೊಂಡಿದ್ದೆ. ಆದರೆ ಉಡ ಮೊಸಳೆಯಾಗಿ ಕಂಡದ್ದನ್ನು ಶಶಿಕಲಾ ಸುಮ್ಮನೆ ಬಿಡಲಿಲ್ಲ. ಅಮ್ಮನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಆಗಬೇಕೆಂದು ಊರಿನಲ್ಲಿ ಮೊದಲೇ ಒಬ್ಬ ಡಾಕ್ಟರು ಹೇಳಿದ್ದರಂತೆ. ಅತ್ತೆ ಹೆದರಿ, ಯಾರಿಗೂ ತಿಳಿಸದೆ, ಮಂಜುಮಂಜಾಗಿಯೇ ಲೋಕವನ್ನು ನೋಡುತ್ತಾ ದಿನ ದೂಡಿದ್ದರು.

ಸುದ್ದಿ ತಿಳಿದು ಪಡೀಲಿನ ಮಗ ಓಡಿಬಂದ. "ಹೆದರ್ಲಿಕ್ಕೆ ಎಂತ ಉಂಟು ಅಮ್ಮ? ಸಣ್ಣ ಕೆಲಸ. ನಾನು ಕರ್ಕೊಂಡು ಹೋಗ್ತೇನೆ."

"ನೀನು ಬೇಡ ಮಗಾ," ಎಂದರು ಅತ್ತೆ. "ನಿನಗೆ ಹೆದರಿಕೆಯೇ ಇಲ್ಲ. ಅಳಿಯಂದಿರು ಬರಲಿ."

ಕಣ್ಣಿನ ಆಪರೇಶನ್ ಚೆನ್ನಾಗಿಯೇ ಆಯಿತು. ಈಗ ಅತ್ತೆ ನನ್ನ ಅಂಗಿಯ ಕಾಲರಿನ ಕೊಳೆಯನ್ನು ಗೇಟಿನಿಂದಲೇ ಗುರುತಿಸಿ ಬೈಯುತ್ತಾರೆ. ಆದರೆ ನಾನು ಹೇಳಬೇಕೆಂದಿರುವುದು ಆಪರೇಶನ್ ದಿನದ ಬೆಳಗಿನ ಮಾತು. ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರೂ ಕುಳಿತಿದ್ದೆವು. ಫಿನಾಯಿಲಿನ ವಾಸನೆ ಬಡಿದಾಗಲೆಲ್ಲ ನಾನು ಹೊರಬಾಗಿಲು ಎಷ್ಟು ದೂರವೆಂದು ಅಳೆಯುತ್ತಿದ್ದೆ.

"ಹೆದರಿಕೆ ಆಗ್ತದಾ?" ಅತ್ತೆ ಕೇಳಿದರು.

"ತುಂಬಾ."

"ನನಗೂ," ಎಂದು ಅವರು ನೆಮ್ಮದಿಯ ಉಸಿರು ಬಿಟ್ಟು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ಬಾಗಿಲು ತೆರೆಯಿತು. ಕಣ್ಣಿಗೆ ಬಿಡುವ ಔಷಧಿಯ ಬಾಟಲಿ ಹಿಡಿದು ಹೊರಬಂದ ನರ್ಸು, ಕೈಕೈ ಹಿಡಿದು ಬಿಳಿಚಿಕೊಂಡು ಕುಳಿತಿದ್ದ ನಮ್ಮಿಬ್ಬರನ್ನೂ ನೋಡಿ ಗೊಂದಲಕ್ಕೆ ಬಿದ್ದು ಕೇಳಿದರು, "ಆಪರೇಶನ್ ಯಾರಿಗೆ?"

ಅತ್ತೆ ನನ್ನನ್ನು ತೋರಿಸಿದರು. ನಾನು ಅತ್ತೆಯನ್ನು ತೋರಿಸಿದೆ.