ದರ್ಜಿ ಮಾತಿನ ನಾಲ್ಕು ದಿನ

ಕಾಜಾ ಅಕ್ಕನಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆಲ್ಲ ಬರುತ್ತಿತ್ತು. ಅರವತ್ತೆರಡು ತುಂಬಿದರೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುವ ಹೆಂಗಸು. ಅವಳು ಕೈಯಲ್ಲಿ ಹಾಕಿದ ಕಾಜಾ, ಅಂದರೆ ಗುಂಡಿ ತೂರಿಸುವ ಕಿಂಡಿ, ಅಂಗಿ ಹರಿದರೂ ಹರಿಯುತ್ತಿರಲಿಲ್ಲ. ಹೆಸರು ಬಂದದ್ದೇ ಅದರಿಂದ. ಹೊಲಿಗೆಯಲ್ಲಿ ಇಷ್ಟು ಗಟ್ಟಿಯಾದವಳು ತಾರೀಕಿನ ವಿಷಯ ಬಂದರೆ ಮಾತ್ರ ಹಸಿ ಹಸಿ ಸುಳ್ಳು ಹೇಳುತ್ತಿದ್ದಳು. ಯಾರು ಬಂದು ಕೇಳಿದರೂ "ಇನ್ನು ನಾಲ್ಕು ದಿನ." ಕತ್ತರಿ ಮುಟ್ಟದ ಬಟ್ಟೆಗೂ ನಾಲ್ಕು ದಿನ, ಗುಂಡಿಯೊಂದೇ ಬಾಕಿಯಿದ್ದರೂ ನಾಲ್ಕು ದಿನ. ಗಿರಾಕಿಗಳೇನು ಕಡಿಮೆಯೇ, ಹತ್ತನೇ ತಾರೀಕಿಗೆ ಬೇಕಾದದ್ದನ್ನು ಒಂದನೇ ತಾರೀಕಿಗೇ ಬೇಕೆಂದು ಪಟ್ಟು ಹಿಡಿಯುತ್ತಿದ್ದರು. ಆದರೆ ಬಟ್ಟೆಗೆ ಗುಂಡುಪಿನ್ನಿನಿಂದ ಚುಚ್ಚುವ ಚೀಟಿಯಲ್ಲಿ ಅವಳು ಎಂದೂ ಸುಳ್ಳು ಬರೆದವಳಲ್ಲ. ಬಂದ ದಿನ, ಆಗಬೇಕಾದ ಕೆಲಸ, ಕೊಡುವ ದಿನ, ಮೂರೂ ಅಪ್ಪಟ ನಿಜ. ಇಲ್ಲದಿದ್ದರೆ ಅಂಗಡಿ ನಡೆಯುವುದು ಹೇಗೆ?

ನಲವತ್ತು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದು ಬಲ ಮಂಡಿ ಸವೆದುಹೋಗಿತ್ತು. ಎರಡು ವರ್ಷದ ಹಿಂದೆ ಅದನ್ನು ತೆಗೆಸಿ ಲೋಹದ ಮಂಡಿ ಹಾಕಿಸಿಕೊಂಡಿದ್ದಳು. ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: ಮೈಯಲ್ಲಿ ಎಲ್ಲೇ ಕೀವಾದರೂ, ಹಲ್ಲಿನಲ್ಲೇ ಆದರೂ ಕೂಡಲೇ ತೋರಿಸಬೇಕು, ಬ್ಯಾಕ್ಟೀರಿಯಾ ರಕ್ತದಲ್ಲಿ ಹರಿದು ಬಂದು ಆ ಲೋಹಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಜೊತೆಗಿದ್ದ ತಂಗಿ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡಳು. ಅಕ್ಕ ಕೇಳಿದ್ದು ಒಂದೇ, ಪೆಡಲು ಯಾವಾಗಿನಿಂದ ತುಳಿಯಬಹುದು ಅಂತ.

ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುವುದು ಅವಳ ಹಳೆಯ ಚಾಳಿ. ಕತ್ತರಿ ಕೈ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಆ ಮಾತು ಬೇರೆ. ಕಚ್ಚಿ ಕಚ್ಚಿ ಮುಂದಿನ ಹಲ್ಲಿಗೆ ಗೀರು ಬಿತ್ತು, ಗೀರು ಬಿರುಕಾಯಿತು, ಒಸಡು ಊದಿ ಕೀವು ತುಂಬಿತು. ಹಲ್ಲಿನ ಡಾಕ್ಟರ ಹತ್ತಿರ ಹೋಗು ಎಂದು ತಂಗಿ ದಿನಾ ತಲೆ ತಿಂದಳು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಕೀವು ತಾನಾಗಿ ಒಡೆದು ನೋವು ಹೋಯಿತು. ಸದ್ಯ, ಗೆದ್ದೆ ಎಂದುಕೊಂಡಳು. ಎರಡು ವಾರಕ್ಕೆ ಮಂಡಿ ಬಿಸಿಯಾಯಿತು.

ಬಿಸಿಯಾದದ್ದು ಊದಿತು. ಮುಲಾಮು ತಿಕ್ಕಿದಳು, ಬಟ್ಟೆ ಸುತ್ತಿದಳು, ಎಡಗಾಲಿನಲ್ಲಿ ಪೆಡಲು ತುಳಿದಳು. ತಂಗಿ ಕೇಳಿದರೆ ಉಳುಕು ಎಂದಳು. ಕೊನೆಗೊಂದು ಬೆಳಿಗ್ಗೆ ಚಳಿಜ್ವರ ಬಂದು ಹಲ್ಲು ಕಟಕಟ ಎನ್ನತೊಡಗಿದಾಗ ತಂಗಿ ಆಟೋ ತಂದು ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಮಂಡಿಯಿಂದ ನೀರು ತೆಗೆದರು. ತಿಳಿಯಾಗಿರಬೇಕಾದದ್ದು ಕದಡಿಹೋಗಿತ್ತು.

"ಎಷ್ಟು ದಿನದಿಂದ ಹೀಗಿದೆ ಅಮ್ಮಾ?" ಡಾಕ್ಟರು ಕೇಳಿದರು.

"ನಾಲ್ಕು ದಿನ."

ಬೇಕೆಂದು ಹೇಳಿದ್ದಲ್ಲ, ಪಾಪ. ನಾಲಿಗೆಗೆ ನಲವತ್ತು ವರ್ಷದ ಅಭ್ಯಾಸ. ಆದರೆ ಅದನ್ನು ಕೇಳಿ ಡಾಕ್ಟರ ಮುಖ ಅರಳಿತು. ಬೇಗ ಬಂದಿರಿ, ಮಂಡಿ ತೆರೆದು ಚೆನ್ನಾಗಿ ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿದರೆ ಲೋಹ ಉಳಿಯಬಹುದು ಎಂದರು. ತಿಂಗಳು ದಾಟಿದ್ದರೆ ಬ್ಯಾಕ್ಟೀರಿಯಾ ಲೋಹದ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂತಿರುತ್ತಿತ್ತು. ಆಗ ತೊಳೆದರೆ ಸಾಲದು, ಇಡೀ ಮಂಡಿ ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ಅಚ್ಚು ಇಟ್ಟು, ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಜಾ ಅಕ್ಕ ಊದಿದ ಮಂಡಿಯ ಮೇಲೆ ಹೊದಿಕೆ ಎಳೆದುಕೊಂಡಳು. ಅಷ್ಟರಲ್ಲಿ ಡಾಕ್ಟರು ಮುಂದಿನ ಮಂಚಕ್ಕೆ ಹೋಗಿದ್ದರು.

ಮಾರನೆಯ ಬೆಳಿಗ್ಗೆಗೆ ಶಸ್ತ್ರಚಿಕಿತ್ಸೆ ಗೊತ್ತಾಯಿತು. ಆ ದಿನವಿಡೀ ಅವಳು ಮಂಚದ ಮೇಲೆ ನಿಂತಲ್ಲಿ ನಿಲ್ಲಲಿಲ್ಲ ಎನ್ನೋಣವೆಂದರೆ ನಿಲ್ಲಲು ಕಾಲೇ ಬಿಡುತ್ತಿರಲಿಲ್ಲ. ಎದ್ದು ಕೂತಳು, ಒರಗಿದಳು, ಹೊದಿಕೆ ಮಡಚಿದಳು, ಮತ್ತೆ ಬಿಚ್ಚಿದಳು. ಕಿಟಕಿ ಪರದೆಯ ಅಂಚನ್ನು ಯಾರೋ ಸೊಟ್ಟಗೆ ಹೊಲಿದಿದ್ದು ಕಂಡು ಹೊಟ್ಟೆ ಉರಿಯಿತು. ಎಡಗಾಲು ತನ್ನಷ್ಟಕ್ಕೇ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ನಿಜ ಹೇಳಿದರೆ ಮಂಡಿ ಹೋಗುತ್ತದೆ. ಹೇಳದಿದ್ದರೆ ನಾಳೆ ತೊಳೆದು ಮುಚ್ಚುತ್ತಾರೆ, ಕೀವು ಒಳಗೇ ಉಳಿಯುತ್ತದೆ. ಸರಿಯಾಗಿ ಎಷ್ಟು ದಿನವಾಯಿತೆಂಬುದು ತನಗೂ ನೆನಪಿಲ್ಲವಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಮಧ್ಯಾಹ್ನ ತಂಗಿ ಮನೆಯಿಂದ ಪೈಜಾಮವೊಂದನ್ನು ತಂದಳು. ಕೊಡವಿದಾಗ ಅವಳ ಬೆರಳಿಗೇನೋ ಚುಚ್ಚಿತು. ಸೊಂಟಪಟ್ಟಿಯಲ್ಲಿ ಗುಂಡುಪಿನ್ನು, ಪಿನ್ನಿನಲ್ಲಿ ಚೀಟಿ. ಊದಿದ ಮಂಡಿಗೆ ಪೈಜಾಮ ಬಿಗಿಯಾದಾಗ ಅಕ್ಕ ತನ್ನದೇ ಬಟ್ಟೆಗೆ, ಗಿರಾಕಿಯ ಬಟ್ಟೆಗೆ ಮಾಡುವ ಹಾಗೆ, ಬರೆದು ಚುಚ್ಚಿದ್ದಳು: "ಬಲಗಾಲು ಹೊಲಿಗೆ ಬಿಚ್ಚಿ ಒಂದಿಂಚು ಬಿಡುವುದು." ತಾರೀಕು ಹೋದ ತಿಂಗಳ ಒಂಬತ್ತು. ಈಗ ಇಪ್ಪತ್ತಮೂರು.

ತಂಗಿ ಬೆರಳು ಮಡಚಿ ಎಣಿಸಿದಳು: ತಿಂಗಳು ದಾಟಿ ಎರಡು ವಾರ. ಬೈಯುತ್ತಾಳೆ ಎಂದು ಅಕ್ಕ ಕಾದಳು. ತಂಗಿ ಬೈಯಲಿಲ್ಲ, ಚೀಟಿಯನ್ನು ಅವಳ ಮಡಿಲಿಗೆ ಹಾಕಿ ಮುಖ ತಿರುಗಿಸಿ ಕೂತಳು.

"ನಂಗೆ ನಾಲ್ಕು ದಿನ ಅಂದಿದ್ರೆ ಪರವಾಗಿಲ್ಲ ಅಕ್ಕಾ," ಎಂದಳು. "ನಿನ್ನ ಕಾಲಿಗೂ ಅದೇ ಹೇಳ್ತೀಯಾ?"

ಸಂಜೆ ಡಾಕ್ಟರು ಬರುವವರೆಗೆ ಆ ಚೀಟಿ ಅವಳ ಬೆರಳುಗಳ ನಡುವೆ ಸುರುಳಿಯಾಗುತ್ತ ಬಿಚ್ಚಿಕೊಳ್ಳುತ್ತ ಇತ್ತು. ಅವಳಿಗೆ ಹೆದರಿಕೆಯಾಗಿತ್ತು. ಅವರು ಬಂದ ಕೂಡಲೇ, ಕುಶಲ ಕೇಳುವ ಮೊದಲೇ, ಚೀಟಿ ಚಾಚಿದಳು.

"ಡಾಕ್ಟ್ರೇ, ನಾಲ್ಕು ದಿನ ಅಂದಿದ್ದು ದರ್ಜಿ ಮಾತು. ನಿಜ ಇದ್ರಲ್ಲಿದೆ."

ಡಾಕ್ಟರು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು. ಹಾಗಾದರೆ ನಾಳೆ ತೊಳೆಯುವುದಲ್ಲ, ತೆಗೆಯುವುದು ಎಂದರು. ಇದನ್ನು ಹೇಳದೇ ಇದ್ದಿದ್ದರೆ ಇನ್ನೆರಡು ತಿಂಗಳಿಗೆ ಮತ್ತೆ ಇದೇ ಮಂಚಕ್ಕೆ ಬರುತ್ತಿದ್ದಿರಿ, ಆಗ ಎಲುಬೂ ಕೆಟ್ಟಿರುತ್ತಿತ್ತು ಎಂದರು.

"ಹೊಸದು ಯಾವಾಗ ಹಾಕಿ ಕೊಡ್ತೀರಿ?"

"ಮೂರು ತಿಂಗಳು ಅಂತ ಬಾಯಲ್ಲಿ ಹೇಳಬಹುದು ಅಮ್ಮಾ. ಸೋಂಕು ಪೂರ್ತಿ ಹೋಗೋವರೆಗೆ ತಾರೀಕು ಕೊಡೋಕಾಗಲ್ಲ."

ಕಾಜಾ ಅಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ನುಗ್ಗಿತು. ತಂಗಿಯ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. ಆಮೇಲೆ ಡಾಕ್ಟರ ಜೇಬಿನ ಪೆನ್ನು ಕೇಳಿ ಪಡೆದು, ಚೀಟಿಯನ್ನು ಮಗುಚಿ, ಗುಂಡನೆಯ ಅಕ್ಷರದಲ್ಲಿ ಬರೆದಳು. ಬಂದ ದಿನ: ಇಪ್ಪತ್ತಮೂರು. ಕೆಲಸ: ಬಲ ಮಂಡಿ. ಕೊಡುವ ದಿನ ಎಂದು ಬರೆದಲ್ಲಿಗೆ ಪೆನ್ನು ನಿಂತಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಆ ಜಾಗವನ್ನು ಖಾಲಿ ಬಿಟ್ಟು, ಚೀಟಿಯನ್ನು ಡಾಕ್ಟರಿಗೆ ಕೊಟ್ಟಳು.