ಒರತೆಯ ಮೇಲಿನ ನೇರಳೆ

ನಮ್ಮ ಅತ್ತೆಯವರು ಬೈಯಲು ಬಾಯಿ ತೆರೆದರೆ ಮೊದಲು ಕಾಣುತ್ತಿದ್ದುದು ಅವರ ನಾಲಿಗೆ. ಮಳೆಗಾಲ ಹಿಡಿಯುವ ಮುಂಚಿನ ತಿಂಗಳಿಡೀ ಅದು ನೇರಳೆ ಹಣ್ಣು ತಿಂದು ಕಡುನೀಲಿಯಾಗಿರುತ್ತಿತ್ತು. ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮೊದಲ ವರ್ಷಗಳವು. ಬೆಳಗಾವಿ ಕೋಟೆಯ ಹತ್ತಿರದ ಜೈನರ ಓಣಿಯಿಂದ ಖಾನಾಪುರದಾಚೆಯ ಘಟ್ಟದಂಚಿನ ಹಳ್ಳಿಗೆ ಸೊಸೆಯಾಗಿ ಹೋದ ನನಗೆ ಅವರು ಆಡಿದ ಮೊದಲ ಮಾತೇ ಬೈಗುಳ: "ಸೆರಗ ಹಿಡಕೊಂಡ ನಿಂತರ ನೀರ ತಾನಾಗೇ ಮನಿಗೆ ಬರತೈತೇನ? ಕೊಡಾ ತಗೊ, ನಡಿ."

ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ಒಂದು ಒರತೆಯಿತ್ತು. ಅದರ ಮೇಲಿನ ಇಳಿಜಾರು ಪೂರ್ತಿ ನೇರಳೆ ಮರಗಳು. ಅದು ನಮ್ಮ ಮನೆತನದ ಸ್ವಂತ ಭೂಮಿ. ಬೇಸಿಗೆಯಲ್ಲಿ ಸುತ್ತಲಿನ ಕಾಡು ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ಅಲ್ಲಿ ಹಸಿರು ಮಾಸುತ್ತಿರಲಿಲ್ಲ. ಕೊಳೆತ ಎಲೆಯ ಮೆತ್ತನೆಯ ನೆಲ ಸುಡುಬಿಸಿಲಲ್ಲೂ ಅಂಗಾಲಿಗೆ ತಂಪು. ಮಳೆಗಾಲದಲ್ಲಿ ಸುರಿದದ್ದನ್ನೆಲ್ಲ ಆ ನೆಲ ಕುಡಿದಿಟ್ಟುಕೊಂಡು, ವರ್ಷವಿಡೀ ಒರತೆಗೆ ಸ್ವಲ್ಪಸ್ವಲ್ಪವೇ ಬಿಡುತ್ತಿತ್ತು. ಹೂ ಬಿಟ್ಟಾಗ ಜೇನುಹುಳ, ಹಣ್ಣಾದಾಗ ಮಂಗಟ್ಟೆ ಹಕ್ಕಿ, ಬಾವಲಿ, ಕರಡಿ. ಕರಡಿ ಹತ್ತಿದ ಮರದ ಹಣ್ಣನ್ನು ಅತ್ತೆಯವರು ಮುಟ್ಟುತ್ತಿರಲಿಲ್ಲ. "ಅದರ ಪಾಲು ಅದಕ್ಕ" ಎನ್ನುತ್ತಿದ್ದರು.

ನಾವು ಜೈನರು ನೀರು ಸೋಸದೆ ಕುಡಿಯುವುದಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತೊಳೆದು, ಆ ನೀರನ್ನು ತಂದ ಜಾಗಕ್ಕೇ ಮರಳಿ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಸಾಯುತ್ತವೆ ಎಂದು ನಂಬಿಕೆ. ನನ್ನ ತವರಿನಲ್ಲಿ ಇದು ಹಿತ್ತಿಲ ಭಾವಿಯ ಹತ್ತಿರ ಮುಗಿಯುವ ಕೆಲಸ. ಅತ್ತೆಯವರು ಜ್ವರ ಬಂದರೂ ತಂಬಿಗೆ ಹಿಡಿದು ಒರತೆಯವರೆಗೆ ನಡೆಯುತ್ತಿದ್ದರು.

ಮಾವನವರು ತೀರಿಹೋಗಿ, ಅತ್ತೆಯವರ ಮೈದುನ, ನನ್ನ ಸಣ್ಣ ಮಾವ, ಮನೆಯ ಯಜಮಾನನಾಗಿದ್ದ. ಆತನಿಗೆ ಬಹುವಚನ ಹಾಕಲು ನನ್ನ ಲೇಖನಿ ಒಪ್ಪುವುದಿಲ್ಲ. ಬೆಳಗಾವಿಯ ಕ್ಯಾಂಪಿನ ಬಿಳಿಯರ ಬಂಗಲೆಗಳಿಗೆ ಇದ್ದಿಲು ಒದಗಿಸುವ ಗುತ್ತಿಗೆದಾರನೊಬ್ಬನಿಗೆ ಆತ ಆ ಮರಗಳನ್ನು ಮಾರಿಬಿಟ್ಟ. ಮಹಾ ಧರ್ಮಿಷ್ಠ! ಇರುವೆ ಸಾಯಬಾರದೆಂದು ಕೊಡಲಿ ಬೀಳುವ ಮೊದಲು ಪ್ರತಿ ಮರದ ಬುಡವನ್ನೂ ಮೆತ್ತನೆಯ ಕಸಬರಿಗೆಯಿಂದ ಗುಡಿಸಲು ಹಚ್ಚಿದ. ಹುಳ ಸುಟ್ಟ ಪಾಪ ತನಗೆ ಬೇಡವೆಂದು ಇದ್ದಿಲ ಭಟ್ಟಿಯನ್ನು ನಮ್ಮ ಗಡಿಯಾಚೆ ಹಾಕಿಸಿದ. ಒರತೆಯ ಮೇಲೆ ಬಾಗಿದ್ದ ಒಂದೇ ಮರವನ್ನು ಉಳಿಸಿ, ನೀರಿಗೆ ಅಷ್ಟು ಸಾಕು ಎಂದ.

ಅತ್ತೆಯವರು ಕಡಿಯುವವರ ನಡುವೆಯೇ ಹೋಗಿ ನಿಂತರು. "ಇರಿವಿ ಉಳಿಸಿ ಗುಡ್ಡಾ ಕೊಲ್ಲಾಕತ್ತೀಯಲ್ಲೊ! ಒಂದ ಗಿಡ ನೀರ ಹಿಡಿತೈತೇನ? ನೀರ ಹಿಡಿಯೂದು ಮ್ಯಾಲಿನ ನೆಲಾ. ಆ ನೆಲಾ ಹಿಡದ ನಿಂತಾವು ಈ ಗಿಡಾ ಎಲ್ಲಾ!"

"ವೈನಿ, ನೀವು ಒಳಗ ನಡೀರಿ. ಹೆಣ್ಣಮಕ್ಕಳಿಗೆ ವ್ಯವಹಾರ ತಿಳಿಯಾಂಗಿಲ್ಲ" ಎಂದ ಸಣ್ಣ ಮಾವ, ಅತ್ತಿಗೆಗೆ.

ನನ್ನ ಗಂಡ ತಾಯಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ಆ ತಗ್ಗಿದ ತಲೆಯ ಮೇಲೂ ನನಗೆ ಸಿಟ್ಟಿದೆ.

ಮುಂದಿನ ಮಳೆಗೆ ಗುಡ್ಡದ ಕೆಂಪು ಮಣ್ಣು ಇಳಿದು ಅಂಗಳಕ್ಕೇ ಬಂತು. ಅದರ ಮುಂದಿನ ಬೇಸಿಗೆಯಲ್ಲಿ ಒರತೆ ಬತ್ತತೊಡಗಿತು. ಒಂದು ಬೆಳಿಗ್ಗೆ ತಳದಲ್ಲಿದ್ದದ್ದನ್ನು ಬಳಿದು ತಂದು ಅತ್ತೆಯವರು ಎಂದಿನಂತೆ ಸೋಸಿದರು, ತಂಬಿಗೆ ಹಿಡಿದು ಮರಳಿ ಹೋದರು. ಅಲ್ಲಿ ಬರೀ ಕೆಸರು. ತಂಬಿಗೆಯನ್ನು ಹಾಗೇ ತಂದು, "ನಡಿ ಬೆಳಗಾವಿಗೆ" ಎಂದರು. ಖಾನಾಪುರದಿಂದ ರೈಲಿನಲ್ಲಿ ಉದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಬೈಯದ ಅತ್ತೆಯವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೆದರಿಕೆಯಾಯಿತು.

ಸಣ್ಣ ಮಾವ ಅಷ್ಟರಲ್ಲಿ ಬೆಳಗಾವಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದ. ಪಡಸಾಲೆಯ ತುಂಬ ನೆಂಟರು.

"ಬರ್ರಿ ವೈನಿ, ಕುಂದರ್ರಿ. ನೀರ ಕುಡೀರಿ."

ಅತ್ತೆಯವರು ತಂಬಿಗೆಯನ್ನು ಆತನ ಮುಂದಿಟ್ಟರು. "ಇದರಾಗ ನಮ್ಮ ಒರತಿ ಜೀವ ಅದಾವು. ಎಲ್ಲಿ ಬಿಡ್ಲಿ? ಹೇಳು."

"ನಮ್ಮ ಭಾವ್ಯಾಗ ಬಿಡ್ರಲಾ."

"ಇವು ಈ ಭಾವಿ ಜೀವ ಅಲ್ಲ. ಇವುಗಳ ಮನಿ ಎಲ್ಲೈತಿ, ಅದನ್ನ ತೋರಸು."

ಅತ್ತೆಯವರು ತಂಬಿಗೆಯನ್ನು ಅಲ್ಲೇ ಬಿಟ್ಟು, ಆ ಮನೆಯ ಹನಿ ನೀರೂ ಮುಟ್ಟದೆ ಹೊರಬಿದ್ದರು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮಗೆ ಕ್ಷಮಾವಣಿ. ಅಂದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳಬೇಕು, ಕೇಳಿದವರಿಗೆ ಕೊಡಬೇಕು. ಸಣ್ಣ ಮಾವ ಹಳ್ಳಿಗೆ ಬಂದು ಕೈಮುಗಿದ. ಅತ್ತೆಯವರು ಎಂದರು: "ನಂಗ ಯಾಕ ಕೇಳತಿ? ಗುಡ್ಡಾ ಹತ್ತಿ ಕೇಳು. ಅದು ಕೊಟ್ಟರ ನಾನೂ ಕೊಡತೀನಿ." ಕ್ಷಮೆ ಕೊಡದವಳು ಎಂದು ಬಸದಿಯಲ್ಲಿ ಹೆಂಗಸರು ಅವರ ಪಕ್ಕ ಕೂರುವುದನ್ನು ಬಿಟ್ಟರು. ಗುಡ್ಡ ಬೋಳಿಸಿದವನಿಗೆ ಮಾತ್ರ ಮುಂದಿನ ಸಾಲಿನಲ್ಲೇ ಜಾಗ!

ಆ ದಶಕ ಮುಗಿಯುವ ಮೊದಲೇ ಅತ್ತೆಯವರು ಹೋದರು. ದೂರದ ಹಳ್ಳದಿಂದ ಕೊಡ ಹೊತ್ತು ಬರುವಾಗ ದಾರಿಯಲ್ಲೇ ಕುಸಿದರು. ಆ ವರ್ಷದ ಕ್ಷಮಾವಣಿಗೂ ಸಣ್ಣ ಮಾವ ಬಂದ, ಹೊಸಿಲಾಚೆ ನಿಂತು ಸೊಸೆಯಾದ ನನಗೆ ಕೈಮುಗಿದ.

"ವೈನಿ ಅಂತೂ ಹೋದರು. ಅವರ ಪರವಾಗಿ ನೀನರ ಕ್ಷಮಾ ಮಾಡವಾ."

ಒಂದು ಮಾತು ಅಂದುಬಿಡು ಎಂದು ಗಂಡ ಕಣ್ಣಿನಲ್ಲೇ ಬೇಡಿಕೊಂಡರು. ಅವತ್ತಿನವರೆಗೂ ನಾನು ಹಿರಿಯರ ಮುಂದೆ ದನಿ ಎತ್ತಿದವಳಲ್ಲ.

"ಅವರು ಕೊಡದ್ದನ್ನ ಕೊಡಾಕ ನಾ ಯಾರ್ರಿ?" ಎಂದು ಬಾಗಿಲು ಹಾಕಿಕೊಂಡೆ.